ಎಡಗಡೆಯ ಕನ್ನಡಿ

ಮೂರನೆಯ ನಟ್ಟು ಮಗಳ ಬೆರಳ ತುದಿಯಿಂದ ಜಾರಿ ಕಾರಿನ ಬಾಗಿಲೊಳಕ್ಕೆ ಬಿತ್ತು. ತಗಡಿಗೆ ಎರಡು ಸಲ ಟಣ್ ಟಣ್ ಎಂದು ತಗಲಿ ಎಲ್ಲೋ ತಳದಲ್ಲಿ ನಿಂತಿತು.

"ಬಿತ್ತು," ಎಂದಳು ಮಗಳು.

ಶೆಡ್ಡಿನ ಬಾಯಿಗೆ ಅಡ್ಡವಾಗಿ ನಿಂತಿದ್ದ ತಾಯಿ ತಟ್ಟನೆ ತಿರುಗಿದಳು. "ಏನೇ ಬಿತ್ತು?"

"ನಟ್ಟು. ಬಾಗಿಲ ಹೊಟ್ಟೆಗೆ. ಸಂದಿಗೆ ಬಟ್ಟೆ ತುರುಕಿ ಆಮೇಲೆ ಬಿಚ್ಚಬೇಕಿತ್ತು. ನೀನು ಅವಸರ ಮಾಡ್ಸಿದೆ."

"ಈಗೇನು ಮಾಡೋದು?"

"ಏನೂ ಇಲ್ಲ. ಹೊಸ ಡಬ್ಬಿಯಲ್ಲಿ ಮೂರು ನಟ್ಟಿದಾವೆ. ನೀನು ಒಳಗೆ ಹೋಗಿ ಕೂತ್ಕೋಬಾರ್ದಾ? ಬಂದವರೆಲ್ಲ ನಿನ್ನನ್ನೇ ಕೇಳ್ತಿದ್ದಾರೆ."

ತಾಯಿ ಕದಲಲಿಲ್ಲ. ಅಲ್ಲಿಂದ ಗೇಟು ಕಾಣುತ್ತಿತ್ತು. ಗಂಟೆ ಒಂಬತ್ತೂವರೆ. ಹನ್ನೊಂದಕ್ಕೆ ಶವವಾಹನ ಬರುವುದಿತ್ತು. ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕಕ್ಕೆ ಎಳೆದ ಮಂಚದ ಮೇಲೆ ಅವಳ ಗಂಡನನ್ನು ಮಲಗಿಸಿದ್ದರು. ಊರಿಗೆಲ್ಲ ಅವರು ಕನ್ನಡಿ ಮೇಷ್ಟ್ರು. ಮೂವತ್ತೊಂದು ವರ್ಷ ಡ್ರೈವಿಂಗ್ ಶಾಲೆ ನಡೆಸಿದವರು.

ಅವರು ತೀರಿಕೊಂಡದ್ದು ನಿನ್ನೆ ಬೆಳಿಗ್ಗೆ, ಇದೇ ಕಾರಿನ ಎಡಸೀಟಿನಲ್ಲಿ. ಬಾಗಿಲಿನ ಒಳಮೂಲೆಯಲ್ಲಿ, ಕನ್ನಡಿಯ ನಟ್ಟುಗಳನ್ನು ಮುಚ್ಚಿದ್ದ ಪ್ಲಾಸ್ಟಿಕ್ ತುಂಡನ್ನು ಕಿತ್ತು ತೊಡೆಯ ಮೇಲಿಟ್ಟುಕೊಂಡಿದ್ದರು. ಹತ್ತನೇ ನಂಬರಿನ ಸ್ಪ್ಯಾನರ್ ಕೈಯಲ್ಲೇ ಇತ್ತು. ಟೀ ಆಯಿತೆಂದು ಕರೆಯಲು ಬಂದ ಹೆಂಡತಿಗೆ ಮೊದಲು ಅನುಮಾನವೇ ಬರಲಿಲ್ಲ. ಅವರು ಯಾರಿಗೋ ಪಾಠ ಹೇಳಿಕೊಡುತ್ತ ಕೂತಂತೆಯೇ ಕೂತಿದ್ದರು. ಅವರ ಜೀವಮಾನ ಕಳೆದದ್ದೇ ಎಡಸೀಟಿನಲ್ಲಿ. ಹೃದಯ ನಿಂತುಹೋಗಿದೆ, ನೋವು ಗೊತ್ತಾಗಿರಲಾರದು ಎಂದರು ಡಾಕ್ಟರು.

ಮಗಳು ಲಿಫ್ಟ್ ರಿಪೇರಿ ಕಂಪನಿಯಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುವವಳು. ಅವಳ ಕೈಗೆ ಸ್ಪ್ಯಾನರು ಹೊಸದಲ್ಲ. ಆದರೆ ಅಪ್ಪನ ಹೆಣ ಮನೆಯಲ್ಲಿಟ್ಟುಕೊಂಡು, ಒಗೆದ ಬಿಳಿ ಅಂಗಿಯ ತೋಳು ಮಡಚಿ, ಕಾರಿನ ಕನ್ನಡಿ ಬದಲಿಸುವ ಕೆಲಸ ಅವಳಿಗೆ ಅರ್ಥವಾಗಿರಲಿಲ್ಲ.

"ಇದನ್ನ ಇವತ್ತೇ ಮಾಡ್ಬೇಕಾ ಅಮ್ಮಾ? ಕನ್ನಡಿ ನೇತಾಡ್ತಿದ್ರೆ ಆಕಾಶ ಬೀಳುತ್ತಾ?"

"ನಿಮ್ಮಪ್ಪನ ಗಾಡಿ ಅದು. ಶವದ ಹಿಂದೆ ಹೋಗೋ ಮೊದಲನೇ ಗಾಡಿ. ಹುಡುಗರೆಲ್ಲ ನೋಡ್ತಾರೆ. ಕನ್ನಡಿ ಇಲ್ದೆ ಹೊರಡಿಸಬೇಡ."

ಮಗಳು ಮುರಿದ ಕನ್ನಡಿಯನ್ನು ಹೊರಗಿನಿಂದ ಎಡಗೈಯಲ್ಲಿ ಹಿಡಿದು ಮೆಲ್ಲನೆ ಸೆಳೆದಳು. ಅದು ಕೈಗೆ ಬಂತು. ಗಾಜು ಮೂಲೆಯಿಂದ ಮೂಲೆಗೆ ಸೀಳಿತ್ತು. ಕಪ್ಪು ಕವಚದ ಮುಂಭಾಗ ಒಳಗೆ ನುಗ್ಗಿತ್ತು. ಅವಳು ಅದನ್ನು ಬೆಳಕಿಗೆ ತಿರುಗಿಸಿ, ಕವಚದ ಮೇಲೆ ಹೆಬ್ಬೆರಳು ಉಜ್ಜಿದಳು. ಅಲ್ಲೊಂದು ಹಳದಿ ಕಲೆ, ಅಂಗೈಯಗಲ. ಎಣ್ಣೆಬಣ್ಣ. ಉಗುರಲ್ಲಿ ಕೆರೆದರೂ ಬರಲಿಲ್ಲ.

"ಗೇಟಿಗೆ ತಗಲಿತು ಅಂದೆಯಲ್ಲ?"

"ಹೂಂ."

"ಗೇಟು ಹಸಿರು."

ತಾಯಿ ಕೈ ಚಾಚಿದಳು. "ಎಲ್ಲಿ ತಗಲಿತೋ. ಅವರೇನು ಎಲ್ಲಾ ಹೇಳ್ತಿದ್ರಾ? ಕೊಡು ಇಲ್ಲಿ ಅದನ್ನ. ನೀನು ಹೊಸದು ಹಾಕು, ಜನ ಬರ್ತಿದ್ದಾರೆ."

ಅವಳು ಆ ಕನ್ನಡಿಯನ್ನು ಸೆರಗಿನಡಿ ಅಡಗಿಸಿಕೊಂಡು ಹಿಂಬಾಗಿಲಿನಿಂದ ಒಳಗೆ ಹೋದಳು. ಬಟ್ಟೆ ಒಗೆಯುವ ಯಂತ್ರದಲ್ಲಿ ಮೇಷ್ಟ್ರು ಶನಿವಾರ ಬಿಚ್ಚಿ ಹಾಕಿದ್ದ ಪ್ಯಾಂಟು, ಬನಿಯನ್ನು ಇನ್ನೂ ಹಾಗೇ ಇದ್ದವು. ಅವುಗಳ ಅಡಿಗೆ ಅದನ್ನು ತಳ್ಳಿ ಮುಚ್ಚಳ ಹಾಕಿದಳು.

*

ಮೇಷ್ಟ್ರಿಗೆ ಆ ಹೆಸರು ಬಂದದ್ದು ಅವರ ಬಾಯಿಂದಲೇ. ಕಲಿಯಲು ಬಂದವರು ಸ್ಟಿಯರಿಂಗ್ ಮುಟ್ಟುವ ಮೊದಲೇ "ಕನ್ನಡಿ!" ಎನ್ನುತ್ತಿದ್ದರು. ಗೇರು ಬದಲಿಸುವಾಗ ಕನ್ನಡಿ, ತಿರುಗುವಾಗ ಕನ್ನಡಿ, ನಿಲ್ಲಿಸುವಾಗ ಕನ್ನಡಿ. "ಮುಂದೆ ಏನಿದೆ ಅನ್ನೋದು ಕುರುಡನಿಗೂ ಯಾರಾದ್ರೂ ಹೇಳ್ತಾರೆ. ಪಕ್ಕಕ್ಕೆ ಯಾರು ಬಂದ್ರು ಅಂತ ಹೇಳೋರು ಯಾರೂ ಇಲ್ಲ. ನೀನೇ ನೋಡ್ಕೋಬೇಕು."

ಶಾಲೆಯ ಕಾರಿಗೆ ಎಡಗಡೆಯೂ ಒಂದು ಬ್ರೇಕು ಇತ್ತು. ಮೂವತ್ತೊಂದು ವರ್ಷ ಬಲಗಾಲು ಅದರ ಮೇಲೇ ಇಟ್ಟುಕೊಂಡು ಕೂತವರಿಗೆ ಮನೆಯಲ್ಲಿ ಕುರ್ಚಿಯ ಮೇಲೆ ಕೂತಾಗಲೂ ಪಾದ ಸ್ವಲ್ಪ ಎತ್ತಿಟ್ಟುಕೊಳ್ಳುವ ಅಭ್ಯಾಸವಾಗಿಬಿಟ್ಟಿತ್ತು. ಊರೆಲ್ಲ ಕಲಿತದ್ದನ್ನು ಹೆಂಡತಿಗೆ ಮಾತ್ರ ಕಲಿಸಲಾಗಲಿಲ್ಲ. ಮದುವೆಯಾದ ಹೊಸತರಲ್ಲಿ ಮೂರು ದಿನ ಪ್ರಯತ್ನಪಟ್ಟರು. ಮೂರನೆಯ ದಿನ ಅವಳು ನಡುರಸ್ತೆಯಲ್ಲಿ ಕಾರು ನಿಲ್ಲಿಸಿ, ಕೀಲಿಯನ್ನು ಅವರ ಮಡಿಲಿಗೆಸೆದು, "ನಿಮ್ಮ ಹತ್ರ ಕಲಿಯೋದಕ್ಕಿಂತ ಕತ್ತೆ ಮೇಲೆ ಹೋಗೋದು ವಾಸಿ," ಎಂದು ಇಳಿದು ನಡೆದು ಮನೆಗೆ ಬಂದಿದ್ದಳು. ಮೇಷ್ಟ್ರು ಅದನ್ನು ಹೇಳಿ ಹೇಳಿ ನಗುತ್ತಿದ್ದರು.

ಶಾಲೆಯನ್ನು, ಆ ಎರಡು ಬ್ರೇಕಿನ ಕಾರಿನ ಸಮೇತ, ಬೇರೆಯವರಿಗೆ ವಹಿಸಿ ಆರು ತಿಂಗಳಾಗಿತ್ತು, ಆಗ ಕಣ್ಣಿನ ಡಾಕ್ಟರು ಇಬ್ಬರನ್ನೂ ಕೂರಿಸಿ ಹೇಳಿದರು. ಕಣ್ಣೊಳಗೆ ಒತ್ತಡ ಜಾಸ್ತಿಯಾಗಿದೆ. ಎದುರಿಗಿರುವುದು ಕಾಣುತ್ತದೆ, ಅಂಚುಗಳು ಹೋಗಿವೆ, ಹೋದದ್ದು ಮತ್ತೆ ಬರುವುದಿಲ್ಲ. ಇನ್ನು ಗಾಡಿ ಓಡಿಸಬಾರದು.

ಆಸ್ಪತ್ರೆಯಿಂದ ಹೊರಗೆ ಬಂದ ಮೇಷ್ಟ್ರು ತಮ್ಮ ಮನೆಯ ಕಾರಿನ ಬಲಬಾಗಿಲು ತೆಗೆದು ಕೂತರು. ಹೆಂಡತಿ ಎಡಗಡೆ ಹತ್ತಿ ಕೂತಳು. ಮೊದಲ ತಿರುವಿನಲ್ಲಿ ಅವಳೇ, "ಎಡಗಡೆ ಸೈಕಲ್ಲು," ಎಂದಳು. ಅವರು ನಿಧಾನಿಸಿದರು. "ಈಗ ಖಾಲಿ," ಎಂದಳು. ಹಾಗೆ ಶುರುವಾಯಿತು. ಒಂದೂವರೆ ವರ್ಷ ಅವಳು ಅವರ ಪಕ್ಕ ಕೂತು ಬೀದಿಯನ್ನು ಓದಿ ಹೇಳಿದಳು. ಅವಳಿಲ್ಲದೆ ಕಾರು ಗೇಟು ದಾಟುತ್ತಿರಲಿಲ್ಲ. ನೋಡಿದವರು, ಈ ವಯಸ್ಸಿನಲ್ಲೂ ಇವರಿಗೆ ಒಬ್ಬರನ್ನೊಬ್ಬರು ಬಿಟ್ಟಿರಲಾಗುವುದಿಲ್ಲ ಎಂದು ತಮಾಷೆ ಮಾಡುತ್ತಿದ್ದರು. ಇಬ್ಬರೂ ನಗುತ್ತಿದ್ದರು. ಮಗಳಿಗೂ ಹೇಳಿರಲಿಲ್ಲ.

*

ಮುಂದಿನ ಕೋಣೆಯಲ್ಲಿ ಕುರ್ಚಿಗಳು ತುಂಬಿದ್ದವು. ಬೇಕರಿಯವಳು ಮೇಷ್ಟ್ರ ಕಾಲ ಬಳಿ ಕೂತು ಮೂಗೊರೆಸಿಕೊಳ್ಳುತ್ತಿದ್ದಳು. ಅವಳಿಗೆ ಮೇಷ್ಟ್ರು ಇಟ್ಟ ಹೆಸರು 'ನಾಕನೇ ಸಲ'. ಮೂರು ಸಲ ಪರೀಕ್ಷೆಯಲ್ಲಿ ಫೇಲಾಗಿ ನಾಲ್ಕನೆಯ ಸಲ ಲೈಸೆನ್ಸು ತೆಗೆದುಕೊಂಡವಳು.

"ಮೂರನೇ ಸಲ ಫೇಲಾದಾಗ ನಾನು ಅತ್ತೆ. ಮೇಷ್ಟ್ರು ಏನಂದ್ರು ಗೊತ್ತಾ? ಅಳು, ಆದ್ರೆ ಕನ್ನಡಿ ನೋಡ್ಕೊಂಡು ಅಳು ಅಂದ್ರು."

ಸಣ್ಣಗೆ ನಗು ಹರಿದಾಡಿತು.

"ಒಂದು ದಿನ ನಾನು ಒಂದು ನಾಯಿಗೆ ತಗುಲಿಸಿಬಿಟ್ಟೆ. ಅದು ಎದ್ದು ಓಡಿಹೋಯ್ತು. ನಾನೂ ಹೊರಟೆ. ಮೇಷ್ಟ್ರು ತಮ್ಮ ಬ್ರೇಕು ಒತ್ತಿಬಿಟ್ರು. ಇಳಿ, ಹೋಗಿ ನೋಡು ಅಂದ್ರು. ಓಡಿಹೋಯ್ತಲ್ಲ ಮೇಷ್ಟ್ರೇ ಅಂದೆ. ಅದು ಓಡಿದ್ದು ಅದರ ಪುಣ್ಯ, ನಿಲ್ಲೋದು ನಿನ್ನ ಕೆಲಸ ಅಂದ್ರು. ಅರ್ಧ ಗಂಟೆ ಆ ನಾಯಿ ಹಿಂದೆ ನಡೆಸಿದ್ರು ನನ್ನನ್ನ."

"ಮೂವತ್ತೊಂದು ವರ್ಷದಲ್ಲಿ ಒಂದು ಗೀರು ಇಲ್ಲ," ಎಂದರು ಮೇಷ್ಟ್ರ ತಮ್ಮ. ಅವರು ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಏನು ಹೇಳಿದರೂ ದಾಖಲೆ ಓದಿದಂತೆ ಹೇಳುವವರು. "ಒಂದು ದೂರಿಲ್ಲ, ಒಂದು ಕೇಸಿಲ್ಲ. ಇಂಥ ಹೆಸರು ಉಳಿಸಿಕೊಂಡು ಹೋಗೋದು ಎಷ್ಟು ಜನಕ್ಕೆ ಸಾಧ್ಯ? ಅಲ್ವಾ ಅತ್ತಿಗೆ?"

ಎಲ್ಲರೂ ಅವಳ ಕಡೆ ನೋಡಿದರು. ಅವಳು ಗಂಡನ ಹೊದಿಕೆಯ ಅಂಚು ಸರಿಮಾಡಿದಳು. ದುಃಖಕ್ಕೆ ಮಾತು ಕಟ್ಟಿದೆ ಎಂದುಕೊಂಡು ಬೇಕರಿಯವಳು ಅವಳ ಭುಜ ಹಿಡಿದುಕೊಂಡಳು.

*

ಗುರುವಾರ ಮಧ್ಯಾಹ್ನ ಜಗಳವಾಗಿತ್ತು. ಮೊಮ್ಮಗಳನ್ನು ಶಾಲೆಯಿಂದ ಕರೆತರುವಾಗ ಮೇಷ್ಟ್ರು ಪಾದಚಾರಿಗಳ ದಾಟುಪಟ್ಟಿಯ ಮೇಲೆ ಹೋಗುತ್ತಿದ್ದ ಒಬ್ಬ ಹೆಂಗಸನ್ನು ನೋಡಿರಲಿಲ್ಲ. ಹೆಂಡತಿ ಕಿರುಚಿದಾಗ ಕಾರು ನಿಂತದ್ದು ಗೇಣಂತರದಲ್ಲಿ. ಮಗುವನ್ನು ಮಗಳ ಮನೆಗೆ ಬಿಟ್ಟು ಬಂದ ಮೇಲೆ ಹೆಂಡತಿ ಚಪ್ಪಲಿಯನ್ನೂ ಬಿಚ್ಚದೆ ಹೇಳಿದಳು.

"ಸಾಕು ರೀ. ಇನ್ನು ನಾನು ನಿಮ್ಮ ಪಕ್ಕ ಕೂರಲ್ಲ. ನಾನು ಕೂತರೆ ತಾನೇ ನೀವು ಓಡಿಸೋದು?"

"ನೀನಿಲ್ಲದೇನೂ ನನಗೆ ರಸ್ತೆ ಗೊತ್ತು ಕಣೆ."

"ರಸ್ತೆ ಗೊತ್ತು. ರಸ್ತೆ ಮೇಲಿರೋರು ಗೊತ್ತಿಲ್ಲ."

ಆ ಮಾತು ಅವರಿಗೆ ನಾಟಿತು. ಕೀಲಿ ತೆಗೆದುಕೊಂಡು ಹೊರಟರು. ಅವಳು ತಡೆಯಲಿಲ್ಲ. ಒಂದು ಸುತ್ತು ಹೋಗಿ ಬರಲಿ, ಭಯವಾದರೆ ತಾನಾಗಿ ಬಿಡುತ್ತಾರೆ ಎಂದುಕೊಂಡಳು. ಹಾಗೆಂದುಕೊಂಡು ಬಾಗಿಲು ಹಾಕಿಕೊಂಡಳು.

ಮುಕ್ಕಾಲು ಗಂಟೆಯಾದ ಮೇಲೆ ಕಾರು ಶೆಡ್ಡಿಗೆ ಬಂತು. ಮೇಷ್ಟ್ರು ಇಳಿಯಲಿಲ್ಲ. ಅವಳು ಹೋಗಿ ನೋಡಿದರೆ ಎಡಗನ್ನಡಿ ಕತ್ತು ಮುರಿದು ನೇತಾಡುತ್ತಿತ್ತು.

"ಯಾರಿಗೋ ತಗಲಿತು," ಎಂದರು. ಮುಖ ಬಿಳಿಚಿತ್ತು. "ಸೈಕಲ್ಲು. ಪೇಟೆ ಹಿಂದಿನ ತಿರುವಿನಲ್ಲಿ. ಸದ್ದು ಕೇಳಿಸ್ತು."

"ನಿಲ್ಲಿಸಿದ್ರಾ?"

ಅವರು ತಮ್ಮ ಬಲಗಾಲನ್ನೇ ನೋಡುತ್ತಿದ್ದರು. "ಕಾಲು ಬ್ರೇಕಿನ ಮೇಲೇ ಇತ್ತು. ಒತ್ತಲಿಲ್ಲ."

ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವಳು ಅವರನ್ನು ಅಷ್ಟು ಸಣ್ಣಗಾಗಿ ನೋಡಿರಲಿಲ್ಲ. ಈಗಲೇ ಹೋಗಿ ನೋಡುತ್ತೇನೆ, ಠಾಣೆಗೆ ಹೋಗುತ್ತೇನೆ ಎಂದು ಎದ್ದವರನ್ನು ಅವಳೇ ಕೈಹಿಡಿದು ಕೂರಿಸಿದಳು. ಹೋದರೆ ಕಣ್ಣಿನ ವಿಷಯ ಬರುತ್ತದೆ. ಗೊತ್ತಿದ್ದೂ ಓಡಿಸಿದಿರಿ ಎನ್ನುತ್ತಾರೆ. ಜೈಲೇ ಆಗಬಹುದು, ಈ ವಯಸ್ಸಿನಲ್ಲಿ. ಯಾರೂ ನೋಡಿಲ್ಲ ತಾನೇ? ಗ್ಯಾರೇಜಿಗೆ ಹೋಗಬೇಡಿ, ಅಲ್ಲಿ ನಿಮ್ಮ ಶಿಷ್ಯರೇ ಇದ್ದಾರೆ, ಕೇಳುತ್ತಾರೆ. ಒಂದು ಕನ್ನಡಿ ತಂದು ಮನೆಯಲ್ಲೇ ಹಾಕಿಬಿಡಿ. ಅಲ್ಲಿಗೆ ಮುಗಿಯಿತು.

ಮೇಷ್ಟ್ರು ಅವಳನ್ನೇ ಸ್ವಲ್ಪ ಹೊತ್ತು ನೋಡಿದರು. ಆಯಿತೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ.

ಶುಕ್ರವಾರ ಬೆಳಿಗ್ಗೆ ಬಸ್ಸು ಹಿಡಿದು ಹೋದವರು ಬಂದದ್ದು ಸಂಜೆಗೆ. ಕೈಯಲ್ಲಿ ಹೊಸ ಕನ್ನಡಿಯ ಡಬ್ಬಿಯಿತ್ತು. ಒಂದು ಕನ್ನಡಿಗೆ ಇಡೀ ದಿನ ಬೇಕಾಯಿತೇ ಎಂದು ಅವಳು ಕೇಳಲಿಲ್ಲ.

*

ಹತ್ತೂಕಾಲಿಗೆ ಗೇಟು ಕಿರ್ರೆಂದಿತು. ಒಳಗೆ ಬಂದವನಿಗೆ ನಲವತ್ತೈದರ ಆಸುಪಾಸು. ಬಲಗೈಗೆ ಬೆರಳಿನಿಂದ ಮೊಣಕೈವರೆಗೆ ಪ್ಲಾಸ್ಟರು, ಕೊರಳಿಗೆ ತೂಗುಪಟ್ಟಿ. ಪ್ಯಾಂಟಿನ ಮೇಲೆ ಹಳೆಯ ಬಣ್ಣದ ಕಲೆಗಳು. ಬಾಗಿಲಲ್ಲಿ ಗುಡ್ಡೆಬಿದ್ದಿದ್ದ ಚಪ್ಪಲಿಗಳನ್ನು ನೋಡಿ ಅವನು ಹೆಜ್ಜೆ ತಡೆದ.

ಮೇಷ್ಟ್ರ ಹೆಂಡತಿ ಕಿಟಕಿಯಿಂದ ನೋಡಿದಳು. ಆ ಪ್ಲಾಸ್ಟರು ನೋಡಿದ್ದೇ ಅವಳಿಗೆ ತಿಳಿಯಿತು. ಎದ್ದು ಹೊರಗೆ ಬರುವಷ್ಟರಲ್ಲಿ ಮೈದುನರು ಅವನ ಮುಂದೆ ನಿಂತಾಗಿತ್ತು.

"ಬನ್ನಿ. ಅಣ್ಣನ ಶಿಷ್ಯರಾ?"

"ಅಲ್ಲ. ಮೇಷ್ಟ್ರು ಇದ್ದಾರಾ?"

"ನಿನ್ನೆ ಬೆಳಿಗ್ಗೆ ತೀರಿಕೊಂಡ್ರು. ನಿಮಗೆ ಗೊತ್ತಿಲ್ವಾ?"

ಅವನ ಮುಖದಲ್ಲಿ ಬಂದದ್ದು ದುಃಖವಲ್ಲ. ಕೈಗೆ ಸಿಕ್ಕಿದ್ದು ಜಾರಿಹೋದವನ ಗಾಬರಿ. "ಹಾಗಂದ್ರೆ ಹೇಗೆ? ಒಂಬತ್ತೂವರೆಗೆ ಠಾಣೆ ಮುಂದೆ ಇರ್ತೀನಿ ಅಂದಿದ್ರು. ಬರದಿದ್ರೆ ಮನೆಗೆ ಬನ್ನಿ ಅಂತ ಕಾರ್ಡು ಕೊಟ್ಟಿದ್ರು." ಎಡಗೈಯಿಂದ ಜೇಬು ತಡಕಾಡಿ ಡ್ರೈವಿಂಗ್ ಶಾಲೆಯ ಹಳೆಯ ಕಾರ್ಡೊಂದನ್ನು ತೆಗೆದ. "ನನ್ನ ಕೈ ಮುರಿದಿದ್ದು ಅವರ ಗಾಡಿ."

ಬಾಗಿಲಲ್ಲಿದ್ದವರ ಮಾತು ನಿಂತಿತು. ಮೈದುನರು ಅವನ ತೋಳು ಹಿಡಿದು ಶೆಡ್ಡಿನ ಕಡೆಗೆ ನಡೆಸಿದರು. "ಮೆಲ್ಲಗೆ ಮಾತಾಡಿ. ಹೆಣ ಒಳಗಿದೆ. ಯಾವ ಗಾಡಿ? ಇದಾ? ನೋಡಿ ಇವರೇ, ನೀವೇ ನೋಡಿ. ಎಲ್ಲಿ ಏನಾಗಿದೆ?"

ಮಗಳು ಆಗಷ್ಟೇ ಹೊಸ ನಟ್ಟುಗಳನ್ನು ಬಿಗಿಮಾಡಿ, ಮೂಲೆಯ ಮುಚ್ಚಳವನ್ನು ಅಂಗೈಯಿಂದ ಒತ್ತಿ ಕೂರಿಸಿದ್ದಳು. ಎಡಗಡೆಯ ಕನ್ನಡಿ ಕಪ್ಪಗೆ ಹೊಳೆಯುತ್ತಿತ್ತು. ಬಂದವನು ಕಾರಿನ ಸುತ್ತ ಒಂದು ಸಲ ಬಂದ. ಕನ್ನಡಿಯ ಮುಂದೆ ನಿಂತ.

"ಎರಡೂ ಸರಿಯಾಗಿದೆ," ಎಂದ. ದನಿ ಕುಗ್ಗಿತ್ತು.

"ಅದನ್ನೇ ನಾನು ಹೇಳಿದ್ದು. ಅಣ್ಣನ ಮೇಲೆ ಮೂವತ್ತೊಂದು ವರ್ಷದಲ್ಲಿ ಒಂದು ದೂರಿಲ್ಲ. ನಿಮಗೆ ಯಾರೋ ತಪ್ಪು ಹೇಳಿರಬೇಕು."

"ತಪ್ಪು ಹೇಳೋಕೆ ಬೇರೆ ಯಾರಿದ್ರು? ಅವರೇ ಬಂದು ಹೇಳಿದ್ದು!" ಅವನು ಗಟ್ಟಿಯಾಗಿಯೇ ಹೇಳಿದ. "ಬಿದ್ದಾಗ ನಾನು ಯಾವ ಗಾಡಿ ಅಂತಾನೂ ನೋಡಿಲ್ಲ. ಆಸ್ಪತ್ರೆಯಲ್ಲಿ ಸೈಕಲ್ಲಿಂದ ಬಿದ್ದೆ ಅಂತಾನೇ ಬರೆಸಿದ್ದು. ಶುಕ್ರವಾರ ಅವರು ಮನೆಗೆ ಬಂದ್ರು. ಮೂರು ಆಸ್ಪತ್ರೆ ಸುತ್ತಿ, ವಿಳಾಸ ಕೇಳ್ಕೊಂಡು. ನಾನೇ ಗುದ್ದಿದ್ದು, ನಿಲ್ಲಿಸಲಿಲ್ಲ, ನನಗೆ ಪಕ್ಕಕ್ಕೆ ಕಣ್ಣು ಕಾಣಲ್ಲ ಅಂದ್ರು. ನಾನು ಬಾಯಿಗೆ ಬಂದಂಗೆ ಬೈದೆ. ತಲೆ ತಗ್ಗಿಸಿ ಕೂತಿದ್ರು. ಸೋಮವಾರ ಠಾಣೆಯಲ್ಲಿ ಬರೆದುಕೊಡ್ತೀನಿ, ಮುರಿದ ಕನ್ನಡೀನೂ ತರ್ತೀನಿ ಅಂದ್ರು. ನಾನು ನಂಬಿದೆ."

ಮೈದುನರು ಅತ್ತಿಗೆಯ ಕಡೆ ತಿರುಗಿದರು. ಅವರ ಕಣ್ಣು ಹೇಳುತ್ತಿದ್ದುದು ಸ್ಪಷ್ಟವಾಗಿತ್ತು: ಇಲ್ಲ ಅಂದುಬಿಡಿ. ಬಾಗಿಲಲ್ಲಿ, ಕಿಟಕಿಯಲ್ಲಿ ಮುಖಗಳು ತುಂಬಿದ್ದವು. ಬೇಕರಿಯವಳು ಮೆಟ್ಟಿಲಿನ ಮೇಲೆ ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಿಂತಿದ್ದಳು.

ಮೇಷ್ಟ್ರ ಹೆಂಡತಿಗೆ ಅವನ ಮಾತಿನಲ್ಲಿ ಒಂದೇ ಕೇಳಿಸಿತ್ತು. ಮೂರು ಆಸ್ಪತ್ರೆ ಸುತ್ತಿ. ಬಸ್ಸಿನಲ್ಲಿ, ಅಂಚು ಕಾಣದ ಕಣ್ಣಿನಲ್ಲಿ, ಒಬ್ಬರೇ ರಸ್ತೆ ದಾಟಿಕೊಂಡು. ನಿನ್ನೆ ಅವರು ಎಡಸೀಟಿನಲ್ಲಿ ಕೂತು ಆ ಕನ್ನಡಿ ಬಿಚ್ಚುತ್ತಿದ್ದುದು ಅವಳು ಹೇಳಿದ್ದಕ್ಕಲ್ಲ. ಇವನಿಗೆ ಕೊಟ್ಟ ಮಾತಿಗೆ.

"ಒಂಬತ್ತೂವರೆಯಿಂದ ಅಲ್ಲೇ ನಿಂತಿದ್ರಾ?" ಎಂದು ಕೇಳಿದಳು.

"ಮತ್ತೆ?"

ಅವಳು ಹಿಂಬಾಗಿಲಿನಿಂದ ಒಳಗೆ ಹೋದಳು. ಒಗೆಯುವ ಯಂತ್ರದ ಮುಚ್ಚಳ ಬಿದ್ದ ಸದ್ದು ಅಂಗಳಕ್ಕೆ ಕೇಳಿಸಿತು. ಬಂದವಳು ಮೇಷ್ಟ್ರ ಬನಿಯನ್ನಿನಲ್ಲಿ ಸುತ್ತಿದ್ದನ್ನು ಕಾರಿನ ಮೂತಿಯ ಮೇಲಿಟ್ಟು ಬಿಚ್ಚಿದಳು.

"ಅತ್ತಿಗೆ," ಎಂದರು ಮೈದುನರು, ಹಲ್ಲು ಕಚ್ಚಿ. "ಯೋಚನೆ ಮಾಡಿ ಮಾತಾಡಿ. ಹೋದವನ ಹೆಸರು."

"ಹೆಸರು ಉಳಿಸೋಕೇ ಅವರು ಇದನ್ನ ಬಿಚ್ಚುತ್ತಿದ್ದರು. ನಾನು ಬಚ್ಚಿಟ್ಟೆ." ಅವಳು ಬಂದವನ ಕಡೆಗೆ ತಿರುಗಿದಳು. "ಇದೇ ಗಾಡಿ. ಅವರ ಕಣ್ಣಿನ ವಿಷಯ ನನಗೆ ಗೊತ್ತಿತ್ತು. ಒಂದೂವರೆ ವರ್ಷದಿಂದ ಗೊತ್ತಿತ್ತು. ಪಕ್ಕದಲ್ಲಿ ಕೂತು ಓಡಿಸಿದ್ದೇ ನಾನು ಅಂದ್ಕೊಳ್ಳಿ. ಅವತ್ತು ಜಗಳ ಆಡಿ ಒಬ್ಬರನ್ನೇ ಕಳಿಸಿದೆ. ಹೋಗಿ ಒಪ್ಕೋತೀನಿ ಅಂದಾಗ ಬೇಡ ಅಂದವಳೂ ನಾನೇ."

ಅವನು ಹಳದಿ ಕಲೆಯ ಮೇಲೆ ಬೆರಳಿಟ್ಟ. "ಔಷಧಿ ಅಂಗಡಿ ಬೋರ್ಡಿಗೆ ಕಲಸಿದ್ದ ಬಣ್ಣ," ಎಂದ. "ಹ್ಯಾಂಡಲಿಗೆ ಡಬ್ಬಿ ಕಟ್ಟಿದ್ದೆ. ನಾನು ಅಂಗಡಿ ಬೋರ್ಡು ಬರೆಯೋನು. ಎರಡು ಕಡೆ ಮುರಿದಿದೆ. ಕೂಡಿಕೊಂಡ್ರೂ ಮಣಿಕಟ್ಟು ಮೊದಲಿನ ಹಾಗೆ ತಿರುಗಲ್ಲ ಅಂದಿದ್ದಾರೆ. ಬೋರ್ಡು ಬರೆಯೋನಿಗೆ ಮಣಿಕಟ್ಟು ತಿರುಗದೆ ಏನು ಮಾಡೋದು?"

ಅವಳ ಕಣ್ಣು ತುಂಬಿತು.

"ಅಳಬೇಡಿ ಅಮ್ಮಾ," ಎಂದ. ಆ ಮಾತಿನಲ್ಲಿ ಮೃದುತ್ವ ಏನೂ ಇರಲಿಲ್ಲ. "ನನಗೆ ಅಳೋರು ಬೇಡ. ಬರೆದುಕೊಡೋರು ಬೇಕು. ಗಾಡಿ ತಗಲಿ ಮುರೀತು ಅಂತ ಠಾಣೆಯಲ್ಲಿ ಬರೆಯದಿದ್ರೆ ವಿಮೆಯವರು ನನ್ನ ಮುಖಾನೂ ನೋಡಲ್ಲ."

"ಬರೆದುಕೊಡ್ತೀನಿ. ಇವರನ್ನ ಕಳಿಸಿಕೊಟ್ಟು ನಾಲ್ಕು ಗಂಟೆಗೆ ಠಾಣೆಗೆ ಬರ್ತೀನಿ."

"ಅವರೂ ಹಾಗೇ ಅಂದಿದ್ರು."

ಅವನು ಅದನ್ನು ಚುಚ್ಚಲೆಂದು ಹೇಳಿರಲಿಲ್ಲ. ಆದರೂ ಮೈದುನರ ಮುಖ ಕೆಂಪಾಯಿತು. ಮೇಷ್ಟ್ರ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಹಾಗಾದ್ರೆ ನಮ್ಮ ಜೊತೆಗೇ ಬನ್ನಿ. ಸ್ಮಶಾನಕ್ಕೆ ಹೋಗಿ ಅಲ್ಲಿಂದ ನೇರ ಠಾಣೆಗೆ. ನನ್ನನ್ನ ಕಣ್ಣಿಂದ ಮರೆಯಾಗೋಕೆ ಬಿಡಬೇಡಿ."

*

ಶವವಾಹನದ ಚಾಲಕನೂ ಮೇಷ್ಟ್ರ ಹತ್ತಿರವೇ ಕಲಿತವನು. ಹೊರಡುವ ಮೊದಲು ಎರಡೂ ಕನ್ನಡಿಗಳನ್ನು ಕರವಸ್ತ್ರದಿಂದ ಒರೆಸಿ, ಕೂತು, ಎಡಕ್ಕೆ ಬಲಕ್ಕೆ ನೋಡಿ, ನಿಧಾನ ಮುಂದಕ್ಕೆ ಬಿಟ್ಟ. ಅದರ ಹಿಂದೆ ಮೇಷ್ಟ್ರ ಕಾರು. ಮಗಳು ಓಡಿಸುತ್ತಿದ್ದಳು. ತಾಯಿ ಎಡಸೀಟಿನಲ್ಲಿ. ಹಿಂದೆ ಬೋರ್ಡು ಬರೆಯುವವನು, ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು. ಮುರಿದ ಕನ್ನಡಿ ಅವನ ಪಕ್ಕ ಸೀಟಿನ ಮೇಲಿತ್ತು.

ಎರಡು ಬೀದಿ ದಾಟಿದರು.

"ನನ್ನ ಮಗು ಇದೇ ಗಾಡಿಯಲ್ಲಿ ಬರ್ತಿತ್ತು," ಎಂದಳು ಮಗಳು, ರಸ್ತೆಯಿಂದ ಕಣ್ಣು ತೆಗೆಯದೆ.

"ನಾನು ಪಕ್ಕದಲ್ಲಿ ಇರ್ತಿದ್ದೆ."

"ನೀನು ಪಕ್ಕದಲ್ಲಿದ್ರೆ? ಕಿರುಚೋಕೆ ಎಷ್ಟು ಹೊತ್ತು ಬೇಕು ಅಮ್ಮಾ? ಬ್ರೇಕು ನಿನ್ನ ಕಾಲಡಿ ಇತ್ತಾ?"

ತಾಯಿ ತನ್ನ ಕಾಲಡಿ ನೋಡಿದಳು.

"ನನಗೊಂದು ಮಾತು ಹೇಳಿದ್ರೆ ಏನಾಗ್ತಿತ್ತು? ಕೀಲಿ ನಾನು ಕಿತ್ಕೋತಿದ್ದೆ. ಬೈಕೋತಿದ್ರು, ಒಂದು ವಾರ ಮಾತು ಬಿಡ್ತಿದ್ರು. ಅಷ್ಟೇ ತಾನೇ?"

"ಕೀಲಿ ಕಿತ್ಕೊಂಡ್ರೆ ಅವರು ಏನಾಗಿಬಿಡ್ತಾರೋ ಅಂತ ಭಯ ಆಯ್ತು ಕಣೆ. ಅವರಿಗೆ ಬೇರೆ ಏನೂ ಬರ್ತಿರಲಿಲ್ಲ. ಒಂದು ಮೊಳೆ ಹೊಡಿಯೋಕೆ ಬರ್ತಿರಲಿಲ್ಲ, ನಾಲ್ಕು ಜನರ ಜೊತೆ ಕೂತು ಹರಟೆ ಹೊಡಿಯೋಕೆ ಬರ್ತಿರಲಿಲ್ಲ. ಗಾಡಿಯಲ್ಲಿ ಕೂತಾಗಲೇ ಅವರು ಮನುಷ್ಯ ಆಗ್ತಿದ್ದಿದ್ದು." ಸ್ವಲ್ಪ ತಡೆದಳು. "ನನಗೂ ಇಷ್ಟ ಆಗಿತ್ತು. ಸುಳ್ಳು ಯಾಕೆ ಹೇಳಲಿ. ಮೂವತ್ತೆಂಟು ವರ್ಷದಲ್ಲಿ ಮೊದಲನೇ ಸಲ ಅವರು ನಾನು ಹೇಳಿದ್ದು ಕೇಳ್ತಿದ್ರು."

ಮಗಳ ಗಂಟಲಿನಿಂದ ನಗುವೋ ಅಳುವೋ ತಿಳಿಯದ ಸದ್ದು ಬಂತು. ಸಿಗ್ನಲ್ಲಿನಲ್ಲಿ ಶವವಾಹನ ನಿಂತಿತು, ಅವಳೂ ನಿಲ್ಲಿಸಿದಳು. ಹಿಂದಿನ ಸೀಟಿನವನು ಕಿಟಕಿಯಾಚೆ ಅಂಗಡಿಗಳ ಬೋರ್ಡುಗಳನ್ನು ನೋಡುತ್ತಿದ್ದ. ಅವುಗಳಲ್ಲಿ ಎರಡು ಅವನೇ ಬರೆದವು.

ಸ್ಮಶಾನದಲ್ಲಿ ಅವನು ಕಾರಿನಿಂದಿಳಿದು ದೂರದ ಗೋಡೆಯ ಬಳಿ ನಿಂತ. ಮೇಷ್ಟ್ರ ಮುಖ ನೋಡಲು ಎಲ್ಲರೂ ಸರದಿಯಲ್ಲಿ ಹೋದರು, ಅವನು ಹೋಗಲಿಲ್ಲ. ಬೇಕರಿಯವಳು ಅವನ ಬಳಿ ಬಂದು ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಕೊಟ್ಟಳು. ಅವನು ಕುಡಿದ. ಅವಳು ಅಲ್ಲೇ ಪಕ್ಕದಲ್ಲಿ ನಿಂತುಕೊಂಡಳು. ಮೈದುನರು ಕೆಲಸ ಮುಗಿದದ್ದೇ ಅತ್ತಿಗೆಗೆ ಮುಖ ಕೊಡದೆ ತಮ್ಮ ಗಾಡಿ ಹತ್ತಿ ಹೊರಟುಹೋದರು.

*

ಠಾಣೆಯಲ್ಲಿ ಅಧಿಕಾರಿ ಎರಡು ಸಲ ಕೇಳಿದ. "ಓಡಿಸಿದವರು ತೀರಿಕೊಂಡಿದ್ದಾರೆ. ಇವತ್ತೇ ಸಂಸ್ಕಾರ ಆಗಿದೆ. ನೀವಾಗಿ ಬಂದು ಬರೆದುಕೊಡ್ತಿದ್ದೀರಿ. ಯಾರಾದ್ರೂ ಒತ್ತಾಯ ಮಾಡಿದ್ರಾ?"

"ಇಲ್ಲ."

"ಕಣ್ಣಿನ ವಿಷಯಾನೂ ಸೇರಿಸಬೇಕಾ? ಗೊತ್ತಿತ್ತು ಅಂತ ನೀವು ಬರೆದರೆ ನಾಳೆ ನಿಮ್ಮನ್ನೂ ಕರೆಸಬಹುದು."

ಅವಳು ಮಗಳ ಕಡೆ ನೋಡಿದಳು. ಬೆಳಗಿನಿಂದ ಮಗಳು ಅವಳ ಮುಖ ನೇರವಾಗಿ ನೋಡಿರಲಿಲ್ಲ. ಈಗ ನೋಡಿದಳು.

"ಸೇರಿಸಿ," ಎಂದಳು ತಾಯಿ.

ಅಧಿಕಾರಿ ಓದಿ ಹೇಳಿದ. ಅವಳು ಸಹಿ ಹಾಕಿದಳು. ಆಮೇಲೆ ಹಾಳೆಯನ್ನು ಬೋರ್ಡು ಬರೆಯುವವನ ಕಡೆ ಸರಿಸಿದ. "ದೂರುದಾರರು ಇಲ್ಲಿ. ಆಗದಿದ್ರೆ ಹೆಬ್ಬೆಟ್ಟು ಒತ್ತಿ, ಪರವಾಗಿಲ್ಲ." ಇಂಕಿನ ಡಬ್ಬಿ ತೆಗೆದಿಟ್ಟ.

"ಬರೀತೀನಿ," ಎಂದ ಅವನು.

ಪೆನ್ನನ್ನು ಎಡಗೈ ಬೆರಳುಗಳ ನಡುವೆ ಸಿಕ್ಕಿಸಿಕೊಂಡ. ಅದು ಒಂದು ಸಲ ಜಾರಿತು. ಮತ್ತೆ ಹಿಡಿದ. ಮೇಜಿಗೆ ಗಾಜು ಹಾಸಿತ್ತು. ಮೊದಲ ಗೆರೆ ಎಳೆಯುತ್ತಲೇ ಹಾಳೆ ಪೆನ್ನಿನ ಜೊತೆಗೆ ಸರಿಯಿತು. ಪ್ಲಾಸ್ಟರಿನ ಕೈಯಿಂದ ಅದನ್ನು ಒತ್ತಿಹಿಡಿಯಲು ನೋಡಿದ, ನೋವಿಗೆ ಮುಖ ಕಿವುಚಿದ.

ಮೇಷ್ಟ್ರ ಹೆಂಡತಿ ಕುರ್ಚಿಯಿಂದ ಮುಂದಕ್ಕೆ ಬಾಗಿ, ಎರಡೂ ಅಂಗೈಗಳನ್ನು ಹಾಳೆಯ ಎರಡು ಅಂಚಿಗೆ ಇಟ್ಟು ಬಲವಾಗಿ ಒತ್ತಿದಳು. ಹಾಳೆ ನಿಂತಿತು. ಅವನು ತಲೆಯೆತ್ತಲಿಲ್ಲ. ಅವಳ ಕೈಗಳ ನಡುವಿನ ಜಾಗದಲ್ಲಿ, ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಒಂದೊಂದೇ ಅಕ್ಷರವಾಗಿ ತನ್ನ ಹೆಸರು ಬರೆಯತೊಡಗಿದ. ಮೊದಲನೆಯ ಅಕ್ಷರ ಒಂದನೇ ತರಗತಿಯ ಮಗು ಬರೆದಂತೆ ಒಂದು ಕಡೆಗೆ ವಾಲಿ ನಿಂತಿತು. ಅದನ್ನು ಒಮ್ಮೆ ನೋಡಿ, ಅದರ ಪಕ್ಕಕ್ಕೆ ಎರಡನೆಯದನ್ನು ಶುರುಮಾಡಿದ.